ಕರ್ಮಲ ಘಟ್ಟದ ಗೇರುಪರೀಕ್ಷೆ

ಹಳೆಯ ಕ್ಯಾಂಪರ್ ವ್ಯಾನ್ ಎಂಬುದು ಮಂಚ, ಒಲೆ, ನೀರಿನ ತೊಟ್ಟಿ, ಪಾತ್ರೆಪಡಗಗಳನ್ನು ಹೊತ್ತು ತಿರುಗುವ ಮನೆಯಾದ್ದರಿಂದ, ಅದರ ಗೇರ್ ಬಾಕ್ಸಿನ ಸವೆತವನ್ನು ಕಿವಿಯಿಂದ ಪತ್ತೆಹಚ್ಚಬಯಸುವವರು ಮೊತ್ತಮೊದಲು ಅಡುಗೆಮನೆಯನ್ನು ಖಾಲಿ ಮಾಡಬೇಕಾಗುತ್ತದೆ. ಬೇರಿಂಗ್ ಹೋಯಿತೆಂದು ವಾರಗಟ್ಟಲೆ ಶೋಕಿಸಿದ ಸದ್ದು ಕಪಾಟಿನೊಳಗೆ ಚಮಚಕ್ಕೂ ತಟ್ಟೆಗೂ ನಡೆಯುತ್ತಿದ್ದ ವ್ಯಾಜ್ಯವಷ್ಟೇ ಎಂದು ಹೊರಬೀಳುವುದು ಅಪರೂಪವಲ್ಲ. ಚಮಚಗಳು ಕೆಳಗಿಳಿದ ಮೇಲೂ ಉಳಿಯುವ ಸದ್ದು ಮಾತ್ರ ಶಾಸ್ತ್ರೀಯ ಅಧ್ಯಯನಕ್ಕೆ ಅರ್ಹವಾದದ್ದು.

ಇಂಥ ಅಧ್ಯಯನಕ್ಕೆ ದಕ್ಷಿಣ ಗೋವೆಯ ಕೆಪೆಗಿಂತ ತಕ್ಕ ಊರು ಸಿಗುವುದು ಕಷ್ಟ. 1960 ಮತ್ತು 70ರ ದಶಕಗಳಲ್ಲಿ ಪಾಶ್ಚಾತ್ಯ ತರುಣರು ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ತುರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಗೋವೆಗೆ ಬಂದಿಳಿಯುತ್ತಿದ್ದುದೂ, 1979ರ ಇರಾನ್ ಕ್ರಾಂತಿ ಮತ್ತು ಅಫ್ಘಾನ್ ಯುದ್ಧಗಳಿಂದ ಆ ದಾರಿ ಮುಚ್ಚಿಹೋದುದೂ ಎಲ್ಲರಿಗೂ ತಿಳಿದದ್ದೇ. ಆದರೆ ಅಂಜುಣೆಯ ಮರಳಿನಲ್ಲಿ ಬೀಡುಬಿಟ್ಟ ವ್ಯಾನಿಗೆ ಗೇರು ಇದ್ದರೆಷ್ಟು, ಬಿಟ್ಟರೆಷ್ಟು? ಅದು ಕುಶಾವತಿ ದಂಡೆಯ ಕೆಪೆಗೆ ಬಂದು, ಬಾಳ್ಳಿಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಕರ್ಮಲ ಘಟ್ಟ ಹಾಯ್ದು ಕಾಣಕೋಣ, ಕಾರವಾರಗಳ ಕಡೆಗೆ ಹೊರಟಾಗಲೇ ಹಲ್ಲುಚಕ್ರಗಳ ಬಂಡವಾಳ ಬಯಲಾಗುವುದು. ಇದೇ ಕುಶಾವತಿಯ ದಂಡೆಯ ಚಂದ್ರಾಪುರ, ಅಂದರೆ ಇಂದಿನ ಚಾಂದರ, ಗೋವೆಯ ಕದಂಬರ ರಾಜಧಾನಿಯಾಗಿತ್ತು. 1980ರಲ್ಲಿ ಹುಟ್ಟಿದ ಗೋವೆಯ ಸರ್ಕಾರಿ ಬಸ್ ನಿಗಮವು ಕದಂಬರ ಹೆಸರನ್ನೇ ಹೊತ್ತಿರುವುದರಿಂದ, ಬನವಾಸಿಯನ್ನು ನೆನಪಿಸುವ ಹೆಸರೊಂದು ಘಟ್ಟದ ತಿರುವಿನಲ್ಲಿ ಗೇರು ಇಳಿಸುವುದನ್ನು ಕನ್ನಡಿಗರು ತುಸು ಅಭಿಮಾನದಿಂದ ನೋಡಬಹುದು. ಕೆಪೆ ತಾಲೂಕಿನ ಕಿವಿಗೆ ಗೇರಿನ ಸದ್ದು ಹೊಸದೂ ಅಲ್ಲ: 2012ರಲ್ಲೊಮ್ಮೆ, 2018ರಲ್ಲಿ ಮತ್ತೊಮ್ಮೆ ಗಣಿಗಾರಿಕೆ ನಿಲ್ಲುವವರೆಗೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಇಲ್ಲಿಯ ರಸ್ತೆಗಳಲ್ಲೇ ಓಡಾಡುತ್ತಿದ್ದವು.

ಪರೀಕ್ಷೆಯ ಮೊದಲ ಘಟ್ಟ ಘಟ್ಟದ ಬುಡದಲ್ಲಿ, ವ್ಯಾನ್ ನಿಂತಿರುವಾಗಲೇ ಮುಗಿಯಬೇಕು. ಎಂಜಿನ್ ಓಡುತ್ತ, ಗೇರು ನ್ಯೂಟ್ರಲ್‌ನಲ್ಲಿದ್ದಾಗ ಕೇಳುವ ಗರಗರ ಸದ್ದು ಕ್ಲಚ್ ಒತ್ತಿದೊಡನೆ ಅಡಗಿದರೆ, ಎಂಜಿನ್ನಿನಿಂದ ಗೇರ್ ಬಾಕ್ಸಿನೊಳಗೆ ತಿರುಗುಬಲವನ್ನು ಒಯ್ಯುವ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಮೇಲೆ ಸಂಶಯಪಡಬೇಕು. ಒತ್ತಿದಾಗಲೇ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ದೋಷಿ, ಗೇರ್ ಬಾಕ್ಸ್ ನಿರಪರಾಧಿ. ಗೇರು ಹಾಕುವಾಗ ಕರ್ರೆಂದರೆ ಸಾಮಾನ್ಯವಾಗಿ ಸಿಂಕ್ರೊ ರಿಂಗ್, ಅಂದರೆ ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಸಮಗೊಳಿಸುವ ಹಿತ್ತಾಳೆಯ ಬಳೆ, ಸವೆದಿದೆ ಎನ್ನುತ್ತಾರೆ. ಆದರೆ ಕ್ಲಚ್ ಪೂರ್ತಿ ಬಿಡದಿದ್ದರೂ ಇದೇ ಸದ್ದು ಬರುತ್ತದೆ. ಆದಕಾರಣ ಕ್ಲಚ್ ಒತ್ತಿ, ಕೆಲವು ಕ್ಷಣ ತಡೆದು, ಸಾಧಾರಣವಾಗಿ ಸಿಂಕ್ರೊ ಇಲ್ಲದ ರಿವರ್ಸ್ ಗೇರನ್ನು ಹಾಕಿ ನೋಡಬೇಕು. ಆಗಲೂ ಅದು ಹಲ್ಲು ಕಡಿದರೆ ತಪ್ಪು ಕ್ಲಚ್ಚಿನದೇ. ಈ ತಡೆಯುವಿಕೆಯೇ ಪರೀಕ್ಷೆಯ ಜೀವಾಳವಾಗಿದ್ದರೂ, ಹಿಂದಿನ ವಾಹನದವನ ಹಾರ್ನಿಗೆ ಮಣಿದು ಬಹುತೇಕ ಸಂಶೋಧಕರು ಅದನ್ನು ಕೈಬಿಡುತ್ತಾರೆ.

ಇಳಿಜಾರಿನಲ್ಲಿ ವಿಷಯ ಗಹನವಾಗುತ್ತದೆ. ಹತ್ತುವಾಗ ಎಂಜಿನ್ ಚಕ್ರಗಳನ್ನು ತಳ್ಳಿದರೆ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಹಲ್ಲುಗಳ ಇನ್ನೊಂದು ಮಗ್ಗುಲಿನ ಮೇಲೆ ಭಾರ ಬಿದ್ದು, ಸವೆದ ಹಲ್ಲುಗಳು ಒಂದರಿಂದೊಂದು ಜಾರಿಕೊಳ್ಳುತ್ತವೆ; ಮೆಕ್ಯಾನಿಕ್ಕುಗಳು "ಗೇರು ಬಿಡ್ತದೆ" ಎನ್ನುವುದು ಇದಕ್ಕೇ. ಮೂರನೆಯ ಗೇರು ಹೀಗೆ ತಾನಾಗಿ ನ್ಯೂಟ್ರಲ್‌ಗೆ ಹಾರಿದಾಗ ಮಾಲೀಕರು ಲಿವರನ್ನು ಅಂಗೈಯಿಂದ ಒತ್ತಿಹಿಡಿದು ಧೀರರಂತೆ ಇಳಿಯುವ ಪದ್ಧತಿಯಿದೆ; ಆ ಒತ್ತಡ ಒಳಗಿನ ಫೋರ್ಕಿನ, ಅಂದರೆ ಗೇರುಗಳನ್ನು ಸರಿಸುವ ಕವಲಿನ, ಮೇಲೆ ಬಿದ್ದು ಅದೂ ಸವೆಯುವುದರಿಂದ ಒಂದು ಕಾಯಿಲೆಗೆ ಜೊತೆಗಾರ ಸಿಕ್ಕಂತಾಗುತ್ತದೆ. ನಾಲ್ಕನೆಯ ಗೇರಿನಲ್ಲಿ ಸದ್ದು ತಗ್ಗಿದರೆ ಕೌಂಟರ್ ಶಾಫ್ಟಿನ, ಅಂದರೆ ಉಳಿದ ಗೇರುಗಳಿಗೆ ಬಲ ದಾಟಿಸುವ ಪಕ್ಕದ ದಂಡದ, ದೋಷವೆಂಬ ಜನಪ್ರಿಯ ಸೂತ್ರ, ಆ ಗೇರಿನಲ್ಲಿ ಬಲ ನೇರವಾಗಿ ಸಾಗುವ ಪೆಟ್ಟಿಗೆಗಳಿಗೆ ಮಾತ್ರ ಸಲ್ಲುತ್ತದೆ. ಹಿಂಬದಿ ಎಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್‌ನಲ್ಲಿ ಗೇರ್ ಬಾಕ್ಸೂ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲೂ ಒಂದೇ ಕವಚದಲ್ಲಿದ್ದು ನೇರ ಗೇರೇ ಇಲ್ಲದಿರುವುದರಿಂದ, ಅಲ್ಲಿ ಆ ಸೂತ್ರ ಹೇಳುವವರನ್ನು ಚಹಾ ಕುಡಿಸಿ ಕಳುಹಿಸುವುದು ಒಳಿತು.

ಗ್ಯಾರೇಜಿನ ಅಂತಿಮ ತೀರ್ಪು ಎಲ್ಲೆಡೆಯೂ ಒಂದೇ: "ಬಿಚ್ಚಿ ನೋಡಬೇಕು." ಅದಕ್ಕೆ ಮೊದಲು ತಳದ ಎಣ್ಣೆಯನ್ನು ಇಳಿಸಿ ನೋಡುವುದು ಅಗ್ಗದ ಉಪಾಯ. ಅಯಸ್ಕಾಂತದ ಬಿರಡೆಗೆ ಬೂದುಬಣ್ಣದ ನುಣುಪಾದ ಸರಿ ಅಂಟಿದ್ದರೆ ಅದು ವಯೋಸಹಜ. ಉಕ್ಕಿನ ಚೂರುಗಳಿದ್ದರೆ ಚಿಂತಿಸಬೇಕು. ಎಣ್ಣೆಯಲ್ಲಿ ಹೊಂಬಣ್ಣದ ಮಿನುಗಿದ್ದರೆ ಅದು ಸವೆದುಹೋಗುತ್ತಿರುವ ಸಿಂಕ್ರೊ ರಿಂಗಿನದು. ಹೊಸದಾಗಿ ತುಂಬುವಾಗ ಅಂಕಿ ದೊಡ್ಡದಾದಷ್ಟೂ ಎಣ್ಣೆ ಉತ್ತಮವೆಂದು ನಂಬಿ ಜಿಎಲ್-4ರ ಬದಲು ಜಿಎಲ್-5 ಸುರಿದರೆ, ಅದರ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು.

ಇಷ್ಟಾದರೂ ಲಿವರ್ ಸಾರಿನ ಪಾತ್ರೆಯೊಳಗಿನ ಸೌಟಿನಂತೆ ಎತ್ತೆತ್ತಲೋ ತಿರುಗಿ ಗೇರು ಸಿಗದಿದ್ದರೆ, ಲಿವರಿನಿಂದ ಹಿಂಬದಿಯ ಗೇರ್ ಬಾಕ್ಸಿನವರೆಗೆ ವ್ಯಾನಿನಡಿ ಹಾಯುವ ಉದ್ದನೆಯ ಸರಳಿನ ಬುಷ್, ಅಂದರೆ ಕೀಲಿನೊಳಗಿನ ಪುಟ್ಟ ಬಳೆ, ಸವೆದಿರುವ ಸಂಭವವೇ ಹೆಚ್ಚು. ಅದನ್ನು ಬದಲಿಸಿದೊಡನೆ ಗೇರು ಸರಿಹೋದರೆ ಮಾಲೀಕನಿಗೆ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಗುವುದಕ್ಕೆ ಕಾರಣವಿದೆ: ಗೇರ್ ಬಾಕ್ಸ್ ಇಳಿಸುವ ಖರ್ಚನ್ನು ಮುಂದಿಟ್ಟುಕೊಂಡು ಮನೆಯವರ ಫ್ರಿಜ್ಜು, ಸೋಫಾಗಳ ಬೇಡಿಕೆಯನ್ನೆಲ್ಲ ಆತ ಅಷ್ಟರಲ್ಲಿ ಮುಂದಿನ ದೀಪಾವಳಿಗೆ ತಳ್ಳಿರುತ್ತಾನೆ.