ಹುಳಕ್ಕೊಂದು ಪ್ಲಾಟ್

(ಕೆರೂರು. ಮಟಮಟ ಮಧ್ಯಾಹ್ನ. ಹನಮಪ್ಪ ಕಟ್ಟೆಯ ಮೇಲೆ ಅಡ್ಡಾಗಿದ್ದಾನೆ. ಹೆಂಡತಿ ಗಂಗವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಳೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವ ಅಳಿಯ ಈರಣ್ಣ ಚೀಲ ಹೊತ್ತು ಬರುತ್ತಾನೆ.)

ಹನಮಪ್ಪ: ಬಾರೋ ಅಳಿಯಾ. ಎಲ್ಲಿಂದ ಸವಾರಿ?

ಈರಣ್ಣ: ಆಗುಂಬಿಯಿಂದ್ರಿ ಮಾವಾ. ಬಸವನಹುಳ ನೋಡಾಕ ಹೋಗಿದ್ದೆ.

ಹನಮಪ್ಪ: ಹುಳ ನೋಡಾಕ ಅಲ್ಲಿತನಾ? ಒಂದ ಮಳಿ ಬಿದ್ರ ನಮ್ಮ ಹಿತ್ತಲದಾಗ ಬೇಕಾದಷ್ಟು ಬರ್ತಾವು. ಬಸ್ ಚಾರ್ಜರ ಉಳೀತಿತ್ತು.

ಈರಣ್ಣ: ಅವು ಬ್ಯಾರೆರಿ. ಇವಕ್ಕ ಕ್ರೆಮ್ನೊಕಾಂಕಸ್ ಅಂತಾರ.

ಗಂಗವ್ವ: ಅಯ್ಯ, ಕೆಮ್ಮು ಬಂದಂಗಾತಲ್ಲೋ!

ಈರಣ್ಣ: ಇವುಗಳ ಬಳಗ ಪೂರಾ ಸಮುದ್ರದ ದಂಡಿಗೆ ಇರೂದ್ರಿ ಅತ್ತಿ. ಇದೊಂದ ಕುಲ ಮಾತ್ರ ಸಿಹಿನೀರ ಹಿಡದು ಸಹ್ಯಾದ್ರಿ ಏರಿ ಕುಂತೈತಿ. ಮೊದಲ ಮಹಾರಾಷ್ಟ್ರದ ಘಟ್ಟದಾಗಿನ ಮೂರ ಜಾತಿ ಅಷ್ಟ ಗೊತ್ತಿದ್ದುವು. 2013ರಾಗ ಲಂಡನ್ನಿನ ವಿಜ್ಞಾನಿ ಡೇವಿಡ್ ರೀಡ್, ನಮ್ಮ ದೇಶದ ವಿಜ್ಞಾನಿಗಳಾದ ಅರವಿಂದ, ಮಧ್ಯಸ್ಥ ಕೂಡಿ ಕರ್ನಾಟಕದ ಘಟ್ಟದಾಗ ಮತ್ತ ಆರು ಹೊಸಾವು ಅದಾವಂತ ಬರದ್ರು. ಒಂದರ ಹೆಸರ ಆಗುಂಬೆನ್ಸಿಸ್, ಇನ್ನೊಂದು ಹನುಮಾನಿ.

ಹನಮಪ್ಪ: (ಎದ್ದು ಕುಂತು) ಹನುಮಾನಿ? ನನ್ನ ಹೆಸರ ಲಂಡನ್ನಿಗೆ ಮುಟ್ಟೇತಿ ಅನ್ನು!

ಗಂಗವ್ವ: ಕೆರೂರಾಗ ಉದ್ರಿ ಕೊಟ್ಟಾವ್ರಿಗೆ ಅದಕ್ಕಿಂತ ಮೊದಲ ಮುಟ್ಟೇತಿ.

ಹನಮಪ್ಪ: ಅಕೀನ ಮಾತು ಬಿಡು. ಅಷ್ಟ ಅಪರೂಪ ಇದ್ರ ಡಬ್ಬ್ಯಾಗ ನಾಕು ಹಾಕ್ಕೊಂಡು ಬರಬೇಕಿಲ್ಲೋ? ಕೆರಿಗೆ ಬಿಟ್ಟಿದ್ರ ಬಾದಾಮಿಗೆ ಹೋಗೂ ಮಂದಿ ಎಲ್ಲಾ ಇಲ್ಲೇ ಇಳೀತಿದ್ರು.

ಈರಣ್ಣ: ಸಾಯ್ತಾವ್ರಿ. ಅವಕ್ಕ ಕೆರಿ ಬ್ಯಾಡ. ಜಲಪಾತದ ನೀರ ಸಿಡಿಯೂ ಬಂಡಿಗಲ್ಲು ಬೇಕು. ಅದರ ಮ್ಯಾಲಿನ ಪಾಚಿ ಕೆರಕೊಂಡು ತಿಂತಾವು. ಈ ಹಳ್ಳ ಬಿಟ್ಟು ಆ ಹಳ್ಳಕ್ಕ ಹೋಗೂದು ಅವುಗಳ ಕೈಲೆ ಆಗೂದಿಲ್ಲ. ಹಿಂಗಾಗಿ ಇರೂ ಜಾಗಾನ ಬೆರಳೆಣಿಕಿ ಅಷ್ಟ.

ಹನಮಪ್ಪ: ಹಂಗಾರ ನಮ್ಮ ಕೆರಿ ಹುಳಾನ ಗಟ್ಟಿ.

ಈರಣ್ಣ: ಭಾಳ ಗಟ್ಟಿರಿ. ಕೆರಿ, ಗದ್ದ್ಯಾಗಿನ ದೊಡ್ಡ ಹುಳ ಪೈಲಾ ಐತಲ್ಲ, ಅದಕ್ಕ ನೀರಾಗ ಉಸರಾಡಾಕ ಕಿವಿರು, ಗಾಳ್ಯಾಗ ಉಸರಾಡಾಕ ಪುಪ್ಪುಸ, ಎರಡೂ ಅದಾವು. ನೀರ ಬತ್ತಿತು ಅಂದ್ರ ಕೆಸರಾಗ ಹೊಕ್ಕು, ಚಿಪ್ಪಿನ ಮುಚ್ಚಳಾ ಬಿಗದು, ಮಳಿ ಬರೂತನಾ ಮಲಗಿಬಿಡತೈತಿ.

ಗಂಗವ್ವ: ಇವರ ಹೆಸರ ಅದಕ್ಕ ಇಡಬೇಕಿತ್ತು.

ಹನಮಪ್ಪ: ಮತ್ತ ಆ ಘಟ್ಟದ ಹುಳದ ಗತಿ?

ಈರಣ್ಣ: ಅದ ಚಿಂತಿರಿ. ಮ್ಯಾಲೆ ಕಾಡು ಕಡದ್ರ, ಹಳ್ಳದ ನೀರ ಬ್ಯಾರೆ ಕಡೆ ತಿರುವಿದ್ರ ಬಂಡಿ ಒಣಗತೈತಿ. ಆ ಬಂಡಿ ಹೋದ್ರ ಜಾತೀನ ಹೋತು.

ಹನಮಪ್ಪ: ಅಷ್ಟ ಹೌದಲ್ಲೋ? ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟಿ ಮುಳುಗಿದಾಗ ನವನಗರ ಕಟ್ಟಿ ಮಂದಿಗೆ ಪ್ಲಾಟ್ ಕೊಡಲಿಲ್ಲೇನು? ಹುಳಕ್ಕೂ ಒಂದ ಕೊಡಸೂಣು.

ಈರಣ್ಣ: ಪ್ಲಾಟಿನ ಸಂಗಟ ಜಲಪಾತಾನೂ ಕೊಡಬೇಕಲ್ರಿ ಮಾವಾ.

ಗಂಗವ್ವ: ಓಣ್ಯಾಗ ನಳಾನ ಬರವಲ್ದು, ಇವರು ಜಲಪಾತ ತರಾಕ ಹೊಂಟ್ರು!

ಹನಮಪ್ಪ: ಹಂಗಾರ ನಾವೇನ ಮಾಡೂದು, ನೀನ ಹೇಳು.

ಈರಣ್ಣ: ಏನೂ ಮಾಡಬ್ಯಾಡ್ರಿ. ಅದ ದೊಡ್ಡ ಉಪಕಾರ. ನೀರ ತಿರುವಬ್ಯಾಡ್ರಿ, ಬಂಡಿ ಮ್ಯಾಲೆ ಸಾಬೂನ ಹಚ್ಚಿ ಜಳಕಾ ಮಾಡಬ್ಯಾಡ್ರಿ, ಹುಳ ಕಿತ್ತು ಡಬ್ಬ್ಯಾಗ ಹಾಕಬ್ಯಾಡ್ರಿ.

ಹನಮಪ್ಪ: ಏನೂ ಮಾಡದ ಇರೂದಾ? ಅದನ್ನ ನನಗ ಬಿಡಪಾ. (ಮತ್ತೆ ಅಡ್ಡಾಗುತ್ತಾನೆ.)

ಗಂಗವ್ವ: ಹುಳ ಉಳೀತು ತಗೋ. ಈ ಮೆಣಸಿನಕಾಯಿ ಮಾತ್ರ ನಾ ಒಬ್ಬಾಕಿನ ಬಿಡಸಬೇಕು.