ಜೀರೋ ವಿಮಾನದ ಪಾಠಾಂತರಗಳು: ಒಂದು ಬೂದುಬಣ್ಣದ ಅಧ್ಯಯನ

ಒಂದು ಪದ್ಯಕ್ಕೆ ಐದು ಓಲೆಪ್ರತಿ ಹರವಿಕೊಂಡು, ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ತಲೆ ಕೆಡಿಸಿಕೊಳ್ಳುವ ಗ್ರಂಥಸಂಪಾದಕರ ಕಷ್ಟವನ್ನು ನಾಡು ಅಲ್ಪಸ್ವಲ್ಪ ಬಲ್ಲದು. ಅವರ ಹೆಸರಿನಲ್ಲಿ ಅಭಿನಂದನ ಗ್ರಂಥಗಳೂ ಬಂದಿವೆ. ಆದರೆ ಗೇಣುದ್ದದ ಪ್ಲಾಸ್ಟಿಕ್ ವಿಮಾನಕ್ಕೆ ಬೂದುಬಣ್ಣ ಹಚ್ಚುವವನ ಪಾಂಡಿತ್ಯ ಇವತ್ತಿಗೂ ಯಾವ ವಿದ್ವತ್ ಸಭೆಯ ಕಣ್ಣಿಗೂ ಬಿದ್ದಂತಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಅವನ ಪಾಲಿಗಿಲ್ಲ. ಈ ಅನ್ಯಾಯವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ. ವ್ಯಾಪ್ತಿಯನ್ನು ಜಪಾನಿನ ಜೀರೋ ಯುದ್ಧವಿಮಾನದ ಅಳತೆಮಾದರಿಗೆ, ಅದರಲ್ಲೂ ಹೊರಮೈ ಬಣ್ಣಕ್ಕೆ ಸೀಮಿತಗೊಳಿಸಿದೆ. ಒಳಮೈ ಬಣ್ಣಕ್ಕೆ ಇನ್ನೊಂದು ಪಿಎಚ್.ಡಿ. ಬೇಕಾದೀತು.

ಮೊದಲು ಮೂಲಕೃತಿಯ ಕರ್ತೃ, ಕಾಲ, ದೇಶ ವಿಚಾರ. ಕರ್ತೃ ಜಿರೊ ಹೊರಿಕೋಶಿ, ಮಿತ್ಸುಬಿಷಿ ಕಂಪನಿಯ ಎಂಜಿನಿಯರ್. ಜಪಾನಿ ನೌಕಾಪಡೆ ತನಗೆ ಎಂಥ ವಿಮಾನ ಬೇಕೆಂದು 1937ರ ಅಕ್ಟೋಬರಿನಲ್ಲಿ ಪಟ್ಟಿ ಕೊಟ್ಟಿತು. 1939ರ ಏಪ್ರಿಲ್ 1ರಂದು ವಿಮಾನ ಹಾರಿತು. ತಾರೀಖು ನೋಡಿ ಯಾರೂ ನಗಬೇಕಿಲ್ಲ, ಹಾರಿದ್ದು ನಿಜ. 1940 ಎಂದರೆ ಜಪಾನಿನ ಸಾಮ್ರಾಟಶಕೆಯಲ್ಲಿ 2600. ಆ ವರ್ಷ ಸೇನೆಗೆ ಸೇರಿದ್ದರಿಂದ ಕೊನೆಯ ಸೊನ್ನೆಯೇ ಹೆಸರಾಯಿತು. ಇದರ ಜೊತೆಗೆ ಒಂದು ವಿವರವನ್ನು ಸಂಶೋಧಕರು ಮರೆಯಬಾರದು. ನಗೊಯಾದ ಕಾರ್ಖಾನೆಯ ಮಗ್ಗುಲಲ್ಲಿ ವಿಮಾನ ಹಾರಿಸುವಂಥ ಬಯಲಿರಲಿಲ್ಲ. ಆ ಕಾಲದ ಅತ್ಯಾಧುನಿಕ ಯುದ್ಧವಿಮಾನವನ್ನು ಬಿಚ್ಚಿ, ಎತ್ತಿನ ಗಾಡಿಗಳ ಮೇಲೆ ಹೇರಿ, ಸುಮಾರು 48 ಕಿಲೋಮೀಟರ್ ದೂರದ ಕಾಗಮಿಗಹಾರ ಮೈದಾನಕ್ಕೆ ರಾತ್ರಿಯೆಲ್ಲ ನಡೆಸಿಕೊಂಡು ಹೋದರು. ಆ ಎತ್ತುಗಳ ಬಣ್ಣ ಯಾವುದೆಂದು ಈವರೆಗೆ ಯಾರೂ ವಾದಿಸಿಲ್ಲ ಎಂಬುದು ಈ ಕ್ಷೇತ್ರದ ಮಟ್ಟಿಗೆ ಅಚ್ಚರಿಯ ಸಂಗತಿ.

ಅಂದರೆ ಪಟ್ಟಿಯಿಂದ ಹಾರಾಟಕ್ಕೆ ಹದಿನೆಂಟು ತಿಂಗಳು. ನುರಿತ ಮಾದರಿಕಾರನಿಗೆ ಅಷ್ಟು ಸಮಯ ಕೊಟ್ಟರೆ ಕಾಕ್‌ಪಿಟ್ ಒಳಗಿನ ಕುರ್ಚಿಗೆ ಪಟ್ಟಿ ಕಟ್ಟಿ ಮುಗಿಸಿರುತ್ತಾನೆ.

ಇನ್ನು ಪ್ರಮಾಣವಿಚಾರ. ಆರಂಭದ ಜೀರೋದ ರೆಕ್ಕೆಯ ಹರವು ತುದಿಯಿಂದ ತುದಿಗೆ 12 ಮೀಟರ್. 1/72 ಪ್ರಮಾಣದಲ್ಲಿ ಅದು 16.7 ಸೆಂಟಿಮೀಟರ್, 1/48ರಲ್ಲಿ 25, 1/32ರಲ್ಲಿ 37.5. ಈ 72 ಎಂಬ ಸಂಖ್ಯೆ ಬಂದದ್ದು ಅಂಗುಲಕ್ಕೆ ಆರು ಅಡಿ ಎಂಬ ಲೆಕ್ಕದಿಂದ. ಇದೇ ಪ್ರಮಾಣದಲ್ಲಿ ಐದು ಲಕ್ಷ ಮಾದರಿಗಳು ಬೇಕೆಂದು 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲೆಗಳಿಗೆ ಕೇಳಿಕೊಂಡಿತು. ಹುಡುಗರು ಮರಗೆಲಸದ ಕೋಣೆಯಲ್ಲಿ ಕೂತು ತಮ್ಮ ವಿಮಾನಗಳನ್ನೂ ಶತ್ರುವಿನ ವಿಮಾನಗಳನ್ನೂ ಕೆತ್ತಿದರು. ಮೂವತ್ತೈದು ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿಯಾಚೆಯ ವಿಮಾನ ಕಂಡಂತಾಗುತ್ತದೆ. ಆಕಾರ ನೋಡಿಯೇ ಇದು ನಮ್ಮದು, ಇದು ಅವರದು ಎಂದು ಸೈನಿಕರು ಕಲಿಯಬೇಕು. ಬರೀ ಆಕಾರ ಸಾಕಾದ್ದರಿಂದ ಎಲ್ಲಕ್ಕೂ ಕಪ್ಪು ಬಣ್ಣ. ಜೀರೋ ಮಾದರಿಗಳ ಇಡೀ ಪರಂಪರೆಯಲ್ಲಿ ಬಣ್ಣದ ಬಗ್ಗೆ ಭಿನ್ನಾಭಿಪ್ರಾಯವೇ ಇಲ್ಲದ ಶಾಖೆ ಇದೊಂದೇ.

ಯುದ್ಧ ಮುಗಿದ ಮೇಲೆ ವಿದ್ಯಾಪೀಠ ಜಪಾನಿನ ಶಿಜುವೊಕಾ ನಗರಕ್ಕೆ ಸ್ಥಳಾಂತರವಾಯಿತು. ಅಲ್ಲಿ 1946ರಲ್ಲಿ ಮರದ ವ್ಯಾಪಾರಕ್ಕೆಂದು ಶುರುವಾದ ತಮಿಯಾ ಕಂಪನಿ ಮರದ ಆಟಿಕೆಮಾದರಿಗಳಿಗೆ ಇಳಿದು, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂತು. ಹಸೆಗಾವಾ ಎಂಬ ಇನ್ನೊಂದು ಮಾದರಿ ಕಂಪನಿ ಪಕ್ಕದ ಯೈಜು ಊರಿನದು. ಪೆಟ್ಟಿಗೆ ತೆರೆದರೆ ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಬಿಡಿಭಾಗಗಳು, ಮಡಚಿದ ಒಂದು ಸೂಚನಾಪತ್ರ. ಸೂಚನಾಪತ್ರವನ್ನು ಸೂತ್ರವೆಂದೇ ತಿಳಿಯಬೇಕು: ಮಾತು ಕಡಿಮೆ, ಬಾಣದ ಗುರುತು ಹೆಚ್ಚು, ಅರ್ಥವಾಗಬೇಕಾದರೆ ಭಾಷ್ಯ ಬೇಕೇ ಬೇಕು.

ಪಾಠ ಲುಪ್ತವಾಗುವುದು ಈ ಹಂತದಲ್ಲಿ. ಓಲೆಗರಿಯನ್ನು ಗೆದ್ದಲು ತಿನ್ನುತ್ತದೆ. ಇಲ್ಲಿ ಆ ಕೆಲಸ ಚಿಮಟದ್ದು. ಅಕ್ಕಿಕಾಳಿನ ಮೂಗಿನಷ್ಟು ಹಿತ್ತಾಳೆಯ ತುಣುಕೊಂದನ್ನು ಚಿಮಟದಲ್ಲಿ ಹಿಡಿದು, ಸೂಪರ್ ಗ್ಲೂ ಮುಟ್ಟಿಸಿ, ಉಸಿರು ಬಿಗಿಹಿಡಿದು ಹತ್ತಿರ ತರುವಾಗ ‘ಟಿಕ್’ ಎಂಬ ಸದ್ದಾಗುತ್ತದೆ. ತುಣುಕು ಮಾಯ. ಅದು ಯಾವ ದಿಕ್ಕಿಗೆ ಹಾರಿತೆಂಬ ಬಗ್ಗೆ ಮೂರು ಮತಗಳಿವೆ: ಕುರ್ಚಿಯ ಕೆಳಗೆ, ಅಂಗಿಯ ಮಡಿಕೆಯಲ್ಲಿ, ಅಥವಾ ಸೃಷ್ಟಿಯಿಂದಲೇ ಆಚೆಗೆ. ಕಸಪೊರಕೆಗೆ ಸಿಕ್ಕಿತೆಂಬುದು ಬೇರೆ ಯಾರೋ ಗುಡಿಸಿದ ಮರುದಿನವಷ್ಟೇ ಗೊತ್ತಾಗುತ್ತದೆ.

ಬಣ್ಣಕ್ಕೆ ಬರುವ ಮುನ್ನ ಶಾಖಾನಿರ್ಣಯ ಆಗಬೇಕು. ಮೂಲಕರ್ತೃ ಮಿತ್ಸುಬಿಷಿಯಾದರೂ 1941ರ ಕೊನೆಯಿಂದ ನಾಕಾಜಿಮಾ ಕಂಪನಿಯೂ ಜೀರೋ ಕಟ್ಟತೊಡಗಿತು. ಒಟ್ಟು ತಯಾರಾದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಕಾಜಿಮಾದವು. ಪ್ರತಿಕಾರನ ಕೈಬರಹವೇ ಕವಿಯದಕ್ಕಿಂತ ಹೆಚ್ಚು ಉಳಿದ ಪ್ರಸಂಗ ಇದು. ಸಾಲದ್ದಕ್ಕೆ, ಕವಿಯ ವಿಮಾನದ ಮೂಗಿನೊಳಗಿದ್ದ ಹದಿನಾಲ್ಕು ಸಿಲಿಂಡರಿನ ಸಕಾಯೆ ಎಂಜಿನ್ ಕೂಡ ನಾಕಾಜಿಮಾದ್ದೇ. ಎರಡೂ ಶಾಖೆಗಳ ಪಾಠಭೇದ ಬರಿಗಣ್ಣಿಗೆ ಕಾಣುತ್ತದೆ. ಆರಂಭದ ಜೀರೋಗಳಲ್ಲಿ ಒಡಲಿನ ಮೇಲಿನ ಕೆಂಪು ಸೂರ್ಯನಿಗೆ ಬಿಳಿ ಅಂಚಿದ್ದರೆ ನಾಕಾಜಿಮಾ, ಇಲ್ಲದಿದ್ದರೆ ಮಿತ್ಸುಬಿಷಿ. ಮುಂದೆ ಬೆನ್ನಿಗೆ ಕಡುಹಸಿರು ಹಚ್ಚುವ ಕಾಲ ಬಂದಾಗ, ಹಸಿರೂ ಬೂದೂ ಕೂಡುವ ಗೆರೆ ಬಾಲದವರೆಗೆ ನೆಟ್ಟಗೆ ಹೋದರೆ ಮಿತ್ಸುಬಿಷಿ. ಬಾಲದ ರೆಕ್ಕೆಯ ಹತ್ತಿರ ಮೇಲಕ್ಕೆ ಬಾಗಿದರೆ ನಾಕಾಜಿಮಾ. ಒಂದು ಶಾಖೆಯ ಸೂರ್ಯನನ್ನು ಇನ್ನೊಂದು ಶಾಖೆಯ ಗೆರೆಯೊಂದಿಗೆ ಬೆರೆಸಿದವನನ್ನು ಈ ವಲಯದಲ್ಲಿ ಪಂಕ್ತಿಯಿಂದ ಎಬ್ಬಿಸುತ್ತಾರೆ.

ಈಗ ಬೂದು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಎರಗಿದ ಜೀರೋಗಳ ಬಣ್ಣ ಯಾವುದು? ಬಹುಕಾಲ ಎಲ್ಲರೂ ಬೂದು ಎಂದೇ ನಂಬಿ ಸುಖವಾಗಿದ್ದರು. ಚಿತ್ರಗಳೆಲ್ಲ ಕಪ್ಪುಬಿಳುಪಿನವಾದ್ದರಿಂದ ನಂಬುವುದು ಸುಲಭವೂ ಆಗಿತ್ತು. ಆದರೆ 1942ರಲ್ಲಿ ಜಪಾನಿ ನೌಕಾಪಡೆಯ ತಾಂತ್ರಿಕ ವಿಭಾಗವೊಂದು ಜೀರೋದ ಮರೆಮಾಚು ಬಣ್ಣಗಳ ಬಗ್ಗೆ ಬರೆದ ವರದಿ ಮುಂದೊಮ್ಮೆ ಬೆಳಕಿಗೆ ಬಂತು. ಈಗಿರುವ ಬಣ್ಣ ಬೂದು ಹೌದು, ಆದರೆ ತುಸು ಅಮೆಯ ಛಾಯೆಗೆ ವಾಲಿದೆ ಎಂದು ಅದು ಹೇಳುತ್ತದೆ. ಅಮೆ ಎಂದರೆ ಅಕ್ಕಿ, ಗೆಣಸುಗಳ ಪಿಷ್ಟದಿಂದ ಕಾಯಿಸಿ ಮಾಡುವ ಜಪಾನಿ ಮಿಠಾಯಿ. ಅಲ್ಲಿಗೆ ವಿದ್ವಲ್ಲೋಕದ ನಿದ್ದೆ ಹಾರಿಹೋಯಿತು. ಮಿಠಾಯಿ ಸರಿ, ಪಾಕ ಎಂಥದು? ಒಂದೆಳೆಯದೋ ಎರಡೆಳೆಯದೋ? ಒಲೆಯಿಂದ ಇಳಿಸಿದಾಗಿನ ಹೊಂಬಣ್ಣವೋ, ಹತ್ತುವ ಮುಂಚಿನ ಕಂದೋ?

ಉಗ್ರಗಾಮಿಗಳು ವಿಮಾನವನ್ನು ಬೆಲ್ಲದ ಅಚ್ಚಿನಂತೆ ಬಳಿದರು. ಸಂಪ್ರದಾಯಸ್ಥರು ಬೂದಿಯನ್ನು ಬಿಡಲಿಲ್ಲ. ಸಂಗ್ರಹಾಲಯಗಳಲ್ಲೂ ಖಾಸಗಿಯವರ ಬಳಿಯೂ ಉಳಿದ ಮುರುಕುಗಳನ್ನು ಪರೀಕ್ಷಿಸಿದವರು ನಡುದಾರಿ ಹಿಡಿದರು: ಬಣ್ಣ ಹೊಸದಿದ್ದಾಗ ಹಸಿರು, ಕಂದು ಬೆರೆತ ಹೊಳಪಿನ ಬೂದು, ಬಿಸಿಲು, ಉಪ್ಪುಗಾಳಿಗೆ ಸಿಕ್ಕಿದ ಮೇಲೆ ಮೇಲ್ಪದರ ಸುಣ್ಣದ ಪುಡಿಯಂತಾಗಿ ತಿಳಿಬೂದು. ಅಂದಮೇಲೆ ಎರಡೂ ಪಂಥಗಳು ಹೇಳಿದ್ದು ನಿಜ, ಕೇಳಬೇಕಾದ್ದು ಯಾವ ತಿಂಗಳಿನ ವಿಮಾನ ಎಂಬುದಷ್ಟೇ. ಇಷ್ಟು ಸರಳವಾದ ಇತ್ಯರ್ಥ ಯಾರಿಗೂ ಹಿಡಿಸಲಿಲ್ಲ. ತಮಿಯಾ ಕಂಪನಿ ಮಾತ್ರ ಎಲ್ಲ ದೇವರಿಗೂ ಕೈಮುಗಿದು, ಎಕ್ಸ್‌ಎಫ್-12 ಎಂಬ ನೌಕಾಪಡೆಯ ಬೂದನ್ನೂ ಎಕ್ಸ್‌ಎಫ್-76 ಎಂಬ ಹಸಿರುಬೂದನ್ನೂ ಬೇರೆಬೇರೆ ಶೀಶೆಗಳಲ್ಲಿ ಮಾರುತ್ತದೆ. ಪಾಠಾಂತರಗಳಿಂದ ಲಾಭ ಮಾಡಿಕೊಂಡ ಪ್ರಕಾಶಕರು ಲೋಕದಲ್ಲಿ ಕಡಿಮೆ, ಇವರು ಅಂಥವರು.

ಶೀಶೆ ಕೊಂಡ ಮೇಲೂ ಬಿಡುಗಡೆಯಿಲ್ಲ. ದೂರದ ವಸ್ತುವಿನ ಬಣ್ಣ ಕಣ್ಣಿಗೆ ತೆಳುವಾಗುತ್ತದೆ, ಆದ್ದರಿಂದ ಕಿರಿದಾದ ಮಾದರಿಗೆ ಬಿಳಿ ಬೆರೆಸಿಯೇ ಹಚ್ಚಬೇಕು ಎನ್ನುವ ಪಂಗಡವೊಂದಿದೆ. ಲೆಕ್ಕ ಹಾಕಿ ನೋಡಿದರೆ, 1/48ರ ಮಾದರಿಯನ್ನು ಒಂದಡಿ ದೂರದಿಂದ ನೋಡುವುದೂ ನಿಜವಾದ ಜೀರೋವನ್ನು ನಲವತ್ತೆಂಟು ಅಡಿಯಿಂದ ನೋಡುವುದೂ ಒಂದೇ. ನಲವತ್ತೆಂಟು ಅಡಿಗೆ ಬಣ್ಣ ಮಾಸುವಷ್ಟು ಮಂಜು ಇದ್ದರೆ ಆ ದಿನ ವಿಮಾನ ಹಾರಿಸದಿರುವುದೇ ಕ್ಷೇಮ.

ಪ್ರಬಂಧಕಾರರ ಸ್ವಂತ ಕೊಡುಗೆ ಇನ್ನು ಬರುತ್ತದೆ. ಹೊರಿಕೋಶಿ ತೂಕದ ವಿಷಯದಲ್ಲಿ ಕಡು ಜಿಪುಣ. ಎಂಜಿನ್ ಬಲ ಸುಮಾರು 950 ಅಶ್ವಶಕ್ತಿಯಷ್ಟೇ ಇದ್ದದ್ದರಿಂದ ಸುಮಿಟೊಮೊ ಕಂಪನಿ ಹೊಸದಾಗಿ ಕಂಡುಹಿಡಿದ ಮಿಶ್ರಲೋಹವನ್ನು ರೆಕ್ಕೆಯ ತೊಲೆಗೆ ಬಳಸಿ, ಪೈಲಟ್ ಕೂರುವ ಕುರ್ಚಿಗೂ ತೂತು ಕೊರೆದು ಗ್ರಾಂ ಗ್ರಾಂ ಉಳಿಸಿದ. ಜೀರೋದ ಎರಡನೆಯ ಆವೃತ್ತಿಯ ಬರಿಮೈ ತೂಕ 1,680 ಕಿಲೋ. ಇದನ್ನು 48ರ ಘನದಿಂದ ಭಾಗಿಸಿದರೆ 1/48ರ ಮಾದರಿಯ ನ್ಯಾಯವಾದ ತೂಕ 15 ಗ್ರಾಂ. ಪೆಟ್ಟಿಗೆಯ ಪ್ಲಾಸ್ಟಿಕ್ಕೇ ಅದನ್ನು ಮೀರುತ್ತದೆ. ಅದಿರಲಿ, ಬಣ್ಣವನ್ನೇ ನೋಡೋಣ. ಪ್ರೈಮರ್, ಬಣ್ಣ, ವಾರ್ನಿಷ್ ಎಲ್ಲ ಸೇರಿ 1/72ರ ಮಾದರಿಯ ಮೇಲೆ 0.03 ಮಿಲಿಮೀಟರ್ ದಪ್ಪ ಕೂತಿತು ಎಂದು ಹಿಡಿದರೆ, ನಿಜವಾದ ವಿಮಾನದ ಲೆಕ್ಕಕ್ಕೆ ಅದು ಎರಡು ಮಿಲಿಮೀಟರಿನ ಗಾರೆ. ರೆಕ್ಕೆಯ ವಿಸ್ತೀರ್ಣ 22.44 ಚದರ ಮೀಟರ್. ಮೇಲೂ ಕೆಳಗೂ ಬಳಿದರೆ ರೆಕ್ಕೆಯೊಂದರ ಬಣ್ಣವೇ ನೂರು ಕಿಲೋ ಸಮೀಪಿಸುತ್ತದೆ. ಹೊರಿಕೋಶಿ ಈ ಮಾದರಿಗಳನ್ನು ನೋಡಿದ್ದರೆ ಛಾಯೆಯ ಬಗ್ಗೆ ಮಾತೇ ಆಡುತ್ತಿರಲಿಲ್ಲ, ಉಪ್ಪುಕಾಗದ ಕೇಳುತ್ತಿದ್ದ.

ಇಷ್ಟೆಲ್ಲ ಶ್ರಮದಿಂದ ಹಚ್ಚಿದ ಬಣ್ಣವನ್ನು ಕೀಳುವುದು ಮುಂದಿನ ವಿಧಿ. ಮೊದಲು ಬೆಳ್ಳಿಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಬೂದು. ಒಣಗಿದ ಮೇಲೆ ಒದ್ದೆ ಕುಂಚದಿಂದ ಉಜ್ಜಿದರೆ ಸಿಪ್ಪೆ ಏಳುತ್ತದೆ. ಹೇರ್‌ಸ್ಪ್ರೇ ಇಲ್ಲದವರು ಅಡಿಗೆಮನೆಯ ಕಲ್ಲುಪ್ಪಿಗೆ ಕೈಹಾಕುತ್ತಾರೆ. ಜಪಾನಿ ಭೂಸೇನೆಯ ಎಷ್ಟೋ ವಿಮಾನಗಳಲ್ಲಿ ಬರಿ ಲೋಹದ ಮೇಲೆ ಹಸಿರು ಬಳಿದು ಅದು ಹಾಳೆಹಾಳೆಯಾಗಿ ಎದ್ದದ್ದು ನಿಜ, ಚಿತ್ರಗಳಿವೆ. ಆದರೆ ಆರಂಭದ ಮಿತ್ಸುಬಿಷಿ ಜೀರೋಗಳಿಗೆ ಕೆಂಗಂದು ಪ್ರೈಮರ್ ಇತ್ತು, ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ವಿಮಾನವಾಹಕ ಹಡಗು ಅಕಾಗಿಯಿಂದ ಹೊರಟ ಜೀರೋ, ಒಡಲಿಗೆ ಒಂದು ಕೆಂಪು ಪಟ್ಟಿ ಹಾಕಿಕೊಂಡು, ಮದುವೆಗೆ ಹೊರಟ ಕಾರಿನಂತೆ ಮಿರುಗುತ್ತಿದ್ದಿರಬೇಕು. ಮಾದರಿಕಾರನ ಕೈಯಲ್ಲಿ ಅದು ಗುಜರಿ ಅಂಗಡಿಯಿಂದ ಎದ್ದು ಬರುತ್ತದೆ. ಇದಕ್ಕೆ ಅವನ ಪಂಥದಲ್ಲಿ ವಾಸ್ತವಿಕತೆ ಎಂದು ಹೆಸರು.

ಭಾಷ್ಯಕಾರರೆಲ್ಲ ಮೌನ ವಹಿಸಿದ ಒಂದು ಭಾಗವಿದೆ. 1942ರ ಜೂನ್ 4ರಂದು ಅಲೂಷಿಯನ್ ದ್ವೀಪಗಳ ದಾಳಿಯಲ್ಲಿ ಗುಂಡು ತಗುಲಿದ ತಡಯೋಶಿ ಕೋಗಾ ಎಂಬ ಹತ್ತೊಂಬತ್ತರ ಹುಡುಗ ಅಕುಟಾನ್ ದ್ವೀಪದ ಹುಲ್ಲುಗಾವಲೆಂದು ಕಂಡದ್ದರ ಮೇಲೆ ತನ್ನ ಜೀರೋ ಇಳಿಸಿದ. ಅದು ಜವುಗು. ಚಕ್ರ ಹೂತು ವಿಮಾನ ಮಗುಚಿಬಿತ್ತು, ಅವನು ಒಳಗೇ ಸತ್ತ. ವಿಮಾನ ಹೆಚ್ಚುಕಡಿಮೆ ಕೆಡದೆ ಉಳಿಯಿತು. ಅಮೆರಿಕನ್ನರು ಜುಲೈಯಲ್ಲಿ ಅದನ್ನು ಕಂಡು, ಸ್ಯಾನ್ ಡಿಯಾಗೋಗೆ ಸಾಗಿಸಿ, ರಿಪೇರಿ ಮಾಡಿ, ಸೆಪ್ಟೆಂಬರಿಗೆ ಹಾರಿಸಿಯೇಬಿಟ್ಟರು. ಆಗಿನ ಜೀರೋಗಳಲ್ಲಿ ಪೈಲಟ್ ಬೆನ್ನಿಗೆ ಕವಚವಿರಲಿಲ್ಲ, ಪೆಟ್ರೋಲ್ ಟ್ಯಾಂಕಿಗೂ ಗುಂಡಿನಿಂದ ರಕ್ಷಣೆಯಿರಲಿಲ್ಲ. ಉಳಿಸಿದ ತೂಕದ ಲೆಕ್ಕ ಅಲ್ಲಿಗೂ ಹೋಗಿತ್ತು. ಎಷ್ಟೋ ಕಿಟ್‌ಗಳಲ್ಲಿ ಪೈಲಟ್ ಗೊಂಬೆಯೊಂದನ್ನು ಕೊಟ್ಟಿರುತ್ತಾರೆ. ಬಹುಮಂದಿ ಅದನ್ನು ಸ್ಪ್ರೂನಿಂದ ಕತ್ತರಿಸುವುದೇ ಇಲ್ಲ. ಕೂರಿಸಿದರೆ ಕಷ್ಟಪಟ್ಟು ಕಟ್ಟಿದ ಸೀಟುಪಟ್ಟಿ ಮರೆಯಾಗುತ್ತದಂತೆ.

ಕೊನೆಗೆ ಪರೀಕ್ಷಕರ ವಿಚಾರ. ಮಾದರಿಕಾರರ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1963ರಲ್ಲಿ, ಬ್ರಿಟನ್ನಿನಲ್ಲಿ. ಇಂಥ ಸಂಘಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪುಟ್ಟ ಟಾರ್ಚ್ ಹಿಡಿದು ಬಗ್ಗುತ್ತಾರೆ. ಎರಡು ಭಾಗಗಳ ಬೆಸುಗೆಗೆರೆ ಕಾಣುತ್ತದೆಯೇ, ಡೆಕಾಲ್ ಎಂಬ ಅಂಟುಚಿತ್ರದ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗಾಗಿದೆಯೇ, ಗಾಜಿಗೆ ಅಂಟಿನ ಬೆರಳಚ್ಚು ಬಿದ್ದಿದೆಯೇ, ರೆಕ್ಕೆಗಳು ಸಮವಾಗಿವೆಯೇ ಎಂಬುದು ಅವರ ಮೊದಲ ಚಿಂತೆ. ಛಾಯೆ ಪಾಕಕ್ಕೆ ಸೇರಿದ್ದೋ ಬೂದಿಗೆ ಸೇರಿದ್ದೋ ಎಂಬ ಪ್ರಶ್ನೆಗೆ, ಕೈಕೆಲಸದ ಅಚ್ಚುಕಟ್ಟಿನ ಮುಂದೆ, ಬಹುಮಟ್ಟಿಗೆ ಬೆಲೆಯೇ ಇಲ್ಲ. ಮೂರು ಶೀಶೆಗಳ ಬೂದನ್ನು ಬೆರೆಸಿ, ಮುರುಕಿನ ಚಿತ್ರದೊಂದಿಗೆ ಹೋಲಿಸಿ ಒಪ್ಪ ಮಾಡಿದ ಜೀರೋವನ್ನು ಟಾರ್ಚಿನವರು ಒಂದು ನಿಮಿಷ ನೋಡಿ, ಎಡಗಾಲಿನ ಚಕ್ರ ಒಳಕ್ಕೆ ವಾಲಿದೆ ಎಂದು ಬರೆದುಕೊಂಡು ಪಕ್ಕದ ಮೇಜಿಗೆ ಸರಿಯುತ್ತಾರೆ. ಮಾದರಿಕಾರ ಆಗಲೇ ಮೊಬೈಲ್ ತೆರೆದು, ಚಕ್ರ ಹಾಗೆಯೇ ವಾಲಿದ ಯಾವುದಾದರೂ ನಿಜವಾದ ಜೀರೋದ ಚಿತ್ರ ಹುಡುಕತೊಡಗಿರುತ್ತಾನೆ.