ಚಿಪ್‌ಗೂ ಒಂದು ಕುಲ

ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಹೇಳಿದರು. ಅದೇ ಬಸವಕಲ್ಯಾಣ ಇರುವ ಬೀದರ್ ಜಿಲ್ಲೆಯ ಕಂಪ್ಯೂಟರ್ ಅಂಗಡಿಗೆ ಇವತ್ತು ಹೋಗಿ ನೋಡಿ. ಗಾಜಿನ ಕಪಾಟಿನಲ್ಲಿ ಇಂಟೆಲ್ ಕಂಪನಿಯ ಚಿಪ್‌ಗಳ ನಾಲ್ಕು ವರ್ಣಗಳು ಸಾಲಾಗಿ ಕೂತಿವೆ: ಐ-ತ್ರೀ, ಐ-ಫೈವ್, ಐ-ಸೆವೆನ್, ಐ-ನೈನ್. ಇವುಗಳಾಚೆ ಊರ ಹೊರಗೆ ಸೆಲೆರಾನ್ ಎಂಬ ಪಂಚಮನೂ ಬಹುಕಾಲ ಇದ್ದ. ಈಗ ಅವನ ಹೆಸರು ಅಳಿಸಿ ಬರೀ ‘ಇಂಟೆಲ್ ಪ್ರೊಸೆಸರ್’ ಎನ್ನುತ್ತಾರೆ. ಹೆಸರು ಬದಲಾಯಿತು, ಕೇರಿ ಬದಲಾಗಲಿಲ್ಲ.

ಔರಾದ ಕಡೆಯ ರೈತರೊಬ್ಬರು ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಸೇರಿದ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಬಂದಿದ್ದಾರೆ ಎಂದುಕೊಳ್ಳಿ. ಜೂನ್, ಜುಲೈ ಬಂತೆಂದರೆ ಇಂಥವರು ಎಲ್ಲ ಅಂಗಡಿಯಲ್ಲೂ ಸಿಗುತ್ತಾರೆ.

“ಕಾಕಾ, ಹುಡುಗ ಇಂಜಿನಿಯರಿಂಗ್ ಮಾಡ್ಲತ್ತಾನಂದ್ರ ಐ-ಸೆವೆನೇ ತೊಗೋರಿ.”

“ಐ-ಫೈವ್‌ಗೂ ಅದಕ್ಕೂ ಫರಕ್ ಏನದ್ರಿ?”

“ಎರಡರ ಫರಕ್ ಅದ ನೋಡ್ರಿ.”

ಐದಕ್ಕೂ ಏಳಕ್ಕೂ ಎರಡರ ವ್ಯತ್ಯಾಸ. ಲೆಕ್ಕ ತಪ್ಪಿಲ್ಲ. ಬೆಲೆಯಲ್ಲಿ 16,000 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ, 2025-26ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಲ್ಲಿಗೂ ಎರಡೇ ಕ್ವಿಂಟಲ್! ಅಂಗಡಿಯವನು ತನಗೆ ಗೊತ್ತಿಲ್ಲದೆಯೇ ಅರ್ಥಶಾಸ್ತ್ರ ಹೇಳಿಬಿಟ್ಟ. ಅದರಾಚೆಗಿನ ಫರಕು ಅವನಿಗೂ ಗೊತ್ತಿಲ್ಲ. ಅವನನ್ನು ಬೈದು ಫಲವಿಲ್ಲ, ಅದು ಯಾರಿಗೂ ಗೊತ್ತಾಗಬಾರದೆಂದೇ ಈ ಹೆಸರುಗಳನ್ನು ಕಟ್ಟಿರುವುದು. 2016-17ರ ಆಸುಪಾಸಿನಲ್ಲಿ ಇಂಟೆಲ್ ಇಂಥ ಎರಡು ಚಿಪ್ ಮಾರುತ್ತಿತ್ತು. ಲ್ಯಾಪ್‌ಟಾಪಿಗೆ ಐ-ಸೆವೆನ್ 7500ಯು, ಮೇಜಿನ ಕಂಪ್ಯೂಟರಿಗೆ ಐ-ಫೈವ್ 7500. ಕೋರ್ ಅಂದರೆ ಚಿಪ್‌ನೊಳಗೆ ದುಡಿಯುವ ಕೈ. ‘ಮೇಲ್ಜಾತಿ’ಯ ಏಳರಲ್ಲಿ ಎರಡು ಕೈ, ‘ಕೆಳಜಾತಿ’ಯ ಐದರಲ್ಲಿ ನಾಲ್ಕು. ಏಳು ಹೆಚ್ಚೋ ಐದು ಹೆಚ್ಚೋ ಎಂದು ಒಂದನೇ ತರಗತಿಯ ಮಗು ಹೇಳೀತು, ಇಂಟೆಲ್ ಹೇಳುವುದಿಲ್ಲ.

ಈ ಕುಲಗಳೆಲ್ಲ ಹುಟ್ಟುವುದು ಒಂದೇ ತಾಯಿಯ ಹೊಟ್ಟೆಯಲ್ಲಿ. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒಂದೇ ನಕ್ಷೆಯ ಚಿಪ್‌ಗಳನ್ನು ಸಾಲುಸಾಲಾಗಿ ಅಚ್ಚೊತ್ತುತ್ತಾರೆ. ಕಣ್ಣಿಗೆ ಕಾಣದ ಒಂದು ಕಣ ಬಿದ್ದರೂ ಅಲ್ಲೊಂದು ಕೋರ್ ಸತ್ತಂತೆ. ಸತ್ತ ಕೋರ್ ಮುಚ್ಚಿ, ಉಳಿದದ್ದನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಇದರಲ್ಲಿ ಮೋಸವಿಲ್ಲ. 1,599 ಡಾಲರಿಗೆ ಬಿಡುಗಡೆಯಾದ ಎನ್‌ವಿಡಿಯಾ 4090 ಗ್ರಾಫಿಕ್ಸ್ ಕಾರ್ಡಿನಲ್ಲೂ 144 ಘಟಕಗಳ ಪೈಕಿ ಕೆಲಸ ಮಾಡುವುದು 128 ಮಾತ್ರ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿಯನ್ನೂ ಜರಡಿ ಹಿಡಿಯುತ್ತಾರೆ. ದಪ್ಪ ಕಾಳಿಗೊಂದು ದರ, ಮುಕ್ಕಾದ ಕಾಳಿಗೊಂದು ದರ. ಆದರೆ ಒಳ್ಳೆಯ ತೊಗರಿಗೆ ಬೇಕೆಂದೇ ಹರಳು ಬೆರೆಸಿ, ‘ಇದು ಬಡವರಿಗೆ’ ಎಂದು ಬೇರೆ ಚೀಲ ಕಟ್ಟಿದ ಅಡತಿಯವನು ಇನ್ನೂ ಹುಟ್ಟಿಲ್ಲ. ಚಿಪ್ ಲೋಕದಲ್ಲಿ ಆ ಮಹಾನುಭಾವ ಹುಟ್ಟಿ ಮೂರು ದಶಕ ದಾಟಿತು.

1991ರಲ್ಲಿ ಇಂಟೆಲ್ 486ಎಸ್‌ಎಕ್ಸ್ ಎಂಬ ಅಗ್ಗದ ಚಿಪ್ ತಂದಿತು. ಮೊದಮೊದಲು ಅದು ದುಬಾರಿ 486ಡಿಎಕ್ಸ್ ಚಿಪ್ಪೇ. ದಶಮಾಂಶ ಲೆಕ್ಕ ಮಾಡುವ ಭಾಗವನ್ನು ಮಾತ್ರ ಕಟ್ಟಿಹಾಕಿದ್ದರು. ಲೆಕ್ಕ ಬೇಕೆನ್ನುವವರಿಗೆ 487ಎಸ್‌ಎಕ್ಸ್ ಎಂಬ ‘ಸಹಾಯಕ’ ಚಿಪ್ ಬೇರೆ ಮಾರಿದರು. ಆ ಸಹಾಯಕ ಯಾರು? ಪೂರ್ತಿ 486ಡಿಎಕ್ಸ್. ಅದನ್ನು ಸಿಕ್ಕಿಸಿದ ಕೂಡಲೇ ಹಳೆಯದು ಮಲಗಿಬಿಡುತ್ತಿತ್ತು. ಒಂದೇ ಚಿಪ್ಪನ್ನು ಒಮ್ಮೆ ಕುಂಟನೆಂದೂ ಇನ್ನೊಮ್ಮೆ ಊರುಗೋಲೆಂದೂ ಮಾರಿದ ಕೀರ್ತಿ ಇಂಟೆಲ್‌ಗೆ ಸಲ್ಲಬೇಕು. ಅದಕ್ಕೂ ಒಂದು ವರ್ಷ ಮೊದಲು ಐಬಿಎಂ ನಿಮಿಷಕ್ಕೆ ಹತ್ತು ಪುಟ ಒತ್ತುವ ಲೇಸರ್ ಪ್ರಿಂಟರಿನ ಪಕ್ಕದಲ್ಲಿ ಐದು ಪುಟದ ಅಗ್ಗದ ಮಾದರಿ ತಂದಿತ್ತು. ಯಂತ್ರ ಅದೇ; ಸುಮ್ಮನೆ ನಿಂತು ಕಾಯುವಂತೆ ಮಾಡಲು ಅದಕ್ಕೊಂದು ಹೆಚ್ಚಿನ ಏರ್ಪಾಟು ಸೇರಿಸಿದ್ದರು. ನಿಧಾನ ಮಾಡುವುದಕ್ಕೇ ಖರ್ಚು! 2010ರಲ್ಲಿ ನಾಚಿಕೆಯ ಪರದೆಯೂ ಸರಿಯಿತು. ಅಮೆರಿಕದಲ್ಲಿ ಇಂಟೆಲ್ 50 ಡಾಲರಿನ ಒಂದು ಚೀಟಿ ಮಾರಿತು. ಅದರ ಮೇಲಿನ ಸಂಕೇತ ಹೊಡೆದರೆ, ನೀವು ಆಗಲೇ ಕೊಂಡು ಮನೆಗೆ ತಂದ ಪೆಂಟಿಯಮ್‌ನೊಳಗೆ ಬೀಗ ಹಾಕಿಟ್ಟ ಸಾಮರ್ಥ್ಯ ತೆರೆದುಕೊಳ್ಳುತ್ತಿತ್ತು. ಜನ ಉಗಿದರು, ಮರುವರ್ಷ ನಿಲ್ಲಿಸಿದರು. ಬೀಗ ಹಾಕುವುದನ್ನಲ್ಲ, ಕೀಲಿ ಮಾರುವುದನ್ನು.

ಇದರ ಗುಟ್ಟನ್ನು 1849ರಲ್ಲೇ ಜೂಲ್ ದ್ಯುಪ್ಯಿ ಎಂಬ ಫ್ರೆಂಚ್ ಇಂಜಿನಿಯರ್ ರೈಲಿನ ವಿಷಯದಲ್ಲಿ ಬಿಡಿಸಿ ಬರೆದ. ಮೂರನೇ ದರ್ಜೆಯ ಡಬ್ಬಿಗೆ ಮಾಡು ಹಾಕದಿರುವುದು ಮಾಡಿನ ಖರ್ಚಿಗೆ ಹೆದರಿ ಅಲ್ಲ. ಎರಡನೇ ದರ್ಜೆಗೆ ಹಣ ಕೊಡಬಲ್ಲವನು ಮೂರನೆಯದರಲ್ಲಿ ಕೂರದಿರಲಿ ಎಂದು. ಬಡವನನ್ನು ಮಳೆಯಲ್ಲಿ ನೆನೆಸುವುದು ಬಡವನ ಮೇಲಿನ ದ್ವೇಷದಿಂದಲ್ಲ, ಉಳ್ಳವನನ್ನು ಹೆದರಿಸಲಿಕ್ಕೆ. ನಮ್ಮ ಕಾಕಾ ಎರಡು ಕ್ವಿಂಟಲ್ ತೊಗರಿ ಹೆಚ್ಚಿಗೆ ಕೊಡುವುದು ಏಳರ ಮೇಲಿನ ಪ್ರೀತಿಗಲ್ಲ. ಐದು ತೊಗೊಂಡರೆ ಮಗ ಎಲ್ಲಿ ನೆನೆಯುತ್ತಾನೋ ಎಂಬ ಭಯಕ್ಕೆ. ಕಂಪನಿ ಬೆಲೆ ಕಟ್ಟುವುದು ಆ ಭಯಕ್ಕೆ.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಗಡಿಯಲ್ಲಿ ಕನ್ನಡ ಉಳಿಯಲು ಆ ಫಲಕ ಬೇಕಿತ್ತು. ಫಲಕ ಒಂದು, ಒಳಗೆ ಇನ್ನೊಂದು ಎಂಬ ಆ ಯುಕ್ತಿಯನ್ನು ಇಂಟೆಲ್‌ನ ಪ್ರತಿಸ್ಪರ್ಧಿ ಎಎಮ್‌ಡಿ ಪೆಟ್ಟಿಗೆಯ ಮೇಲೆ ಪ್ರಯೋಗಿಸಿತು. ಅದರ ರೈಜನ್ 5 7520ಯು ಬಂದದ್ದು 2022ರ ಕೊನೆಗೆ. ಹೊರಗಿನ ಫಲಕ ‘7000 ಸರಣಿ’, ಹೊಚ್ಚ ಹೊಸತು. ಒಳಗಿರುವುದು 2019ರ ‘ಝೆನ್ 2’ ವಿನ್ಯಾಸ. ಮುಚ್ಚಿಟ್ಟರು ಅನ್ನುವಂತಿಲ್ಲ, ಪಾಪ. ಮೂರನೇ ಅಂಕಿ 2 ಇದ್ದರೆ ‘ಝೆನ್ 2’ ಎಂದು ಓದಿಕೊಳ್ಳಿ ಎಂದು ಒಂದು ಚಕ್ರವನ್ನೇ ಬರೆದು ಕೊಟ್ಟಿದ್ದರು. ಬೀದರ್ ಬಸ್ ನಿಲ್ದಾಣದಲ್ಲಿ ಇಳಿಯುವ ಪ್ರತಿ ತಂದೆಯ ಕಿಸೆಯಲ್ಲೂ ಪಂಚಾಂಗದಂತೆ ಆ ಚಕ್ರ ಇರುತ್ತದೆ ಎಂದು ಅವರ ನಂಬಿಕೆ ಇರಬೇಕು.

ಇದನ್ನು ಕಂಡು ಇಂಟೆಲ್‌ಗೆ ಧರ್ಮಕೋಪ ಬಂತು. 2023ರ ಡಿಸೆಂಬರಿನಲ್ಲಿ, ಎಎಮ್‌ಡಿ ಹಳೆಯ ಚಿಪ್‌ಗೆ ಹೊಸ ಹೆಸರಿಟ್ಟು ಜನರಿಗೆ ಹಾವಿನೆಣ್ಣೆ ಮಾರುವ ನಕಲಿ ವೈದ್ಯರಂತೆ ವರ್ತಿಸುತ್ತಿದೆ ಎಂದು ಸಾರುವ ಚಿತ್ರಮಾಲೆಯನ್ನೇ ಹೊರಡಿಸಿತು, ಆಮೇಲೆ ಹಿಂತೆಗೆದುಕೊಂಡಿತು. ಅದಕ್ಕೆ ಒಂದೆರಡು ತಿಂಗಳ ಮೊದಲಷ್ಟೇ ಅದೇ ಇಂಟೆಲ್ 13ನೇ ತಲೆಮಾರಿನ ಚಿಪ್‌ಗಳನ್ನು ತುಸು ಉಜ್ಜಿ 14ನೇ ತಲೆಮಾರು ಎಂದು ಬಿಟ್ಟಿತ್ತು. ಮರುತಿಂಗಳು, 2024ರ ಜನವರಿಯಲ್ಲಿ, ಅದೇ ಮನೆತನದ ಚಿಪ್ ‘ಐ’ ಉದುರಿಸಿಕೊಂಡು ‘ಕೋರ್ 7 150ಯು’ ಎಂಬ ಹೊಸ ಹೆಸರಲ್ಲಿ ಬಂತು. ಇಷ್ಟು ವರ್ಷ ಆ ‘ಐ’ಗಾಗಿ ಹಣ ತೆತ್ತವರು ಈಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಕಂಪನಿ ತಿಳಿಸಿಲ್ಲ.

ಗ್ರಾಫಿಕ್ಸ್ ಕಾರ್ಡಿನವರದು ಇನ್ನೂ ನೇರ ವ್ಯವಹಾರ. 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ ‘4080’ ಎಂಬ ಒಂದೇ ಹೆಸರಲ್ಲಿ ಎರಡು ಕಾರ್ಡ್ ಘೋಷಿಸಿತು. 16 ಜಿಬಿಯದು 1,199 ಡಾಲರ್, 12 ಜಿಬಿಯದು 899. ಫರಕು ಮೆಮೊರಿಯದಷ್ಟೇ ಎಂದುಕೊಂಡವರಿಗೆ ಆಮೇಲೆ ತಿಳಿದದ್ದು, ಒಳಗಿನ ಚಿಪ್ಪೇ ಬೇರೆ. ಗದ್ದಲವಾಯಿತು. ಅಕ್ಟೋಬರ್ 14ರಂದು ಆ ಬಿಡುಗಡೆಯನ್ನು ಕಂಪನಿಯೇ ರದ್ದು ಮಾಡಿತು. ಜನವರಿಯಲ್ಲಿ ಅದೇ ಕಾರ್ಡ್ ‘4070 ಟಿಐ’ ಎಂದು ಹೆಸರು ಬದಲಿಸಿ, 100 ಡಾಲರ್ ಇಳಿಸಿಕೊಂಡು ಬಂತು. ಬರೀ ಹೆಸರಿಗೆ 100 ಡಾಲರ್ ಎಂದು ಇದಕ್ಕಿಂತ ಸ್ಪಷ್ಟವಾಗಿ ಬಿಲ್ ಬರೆದುಕೊಟ್ಟವರು ಬೇರೆ ಯಾರಿದ್ದಾರೆ? ಇನ್ನು ಲ್ಯಾಪ್‌ಟಾಪಿನ ‘4090’ರೊಳಗೆ ಕೂತಿರುವುದು ಮೇಜಿನ 4080ರ ಚಿಪ್. ಔರಾದದ ಹುಡುಗ ದೊಡ್ಡದು ಸಿಕ್ಕಿತೆಂದು ಹಿಗ್ಗುತ್ತಾನೆ; ಹಿಗ್ಗಿಗೂ ಸೇರಿ 18 ಪ್ರತಿಶತ ಜಿಎಸ್‌ಟಿ.

ಪೈಪೋಟಿ ಇದೆಯಲ್ಲ, ಬೆಲೆ ಇಳಿಯುತ್ತದೆ ಎಂಬ ಆಸೆ ಕೆಲವರಿಗೆ. ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, ಎಎಮ್‌ಡಿಯ ಮುಖ್ಯಸ್ಥೆ ಲೀಸಾ ಸು ಇಬ್ಬರೂ ತೈವಾನ್ ಮೂಲದವರು, ದೂರದ ಬಂಧುಗಳು. ಇಬ್ಬರ ಚಿಪ್‌ಗಳೂ ತಯಾರಾಗುವುದು ಮುಖ್ಯವಾಗಿ ಟಿಎಸ್‌ಎಮ್‌ಸಿ ಎಂಬ ಒಂದೇ ತೈವಾನಿ ಕಂಪನಿಯಲ್ಲಿ. 2024ರಲ್ಲಿ ಇಂಟೆಲ್ ಕೂಡ ತನ್ನ ಕೆಲವು ಕೋರ್ ಅಲ್ಟ್ರಾ ಚಿಪ್‌ಗಳ ಮುಖ್ಯ ಭಾಗವನ್ನು ಅಲ್ಲೇ ಮಾಡಿಸಿಕೊಂಡಿತು. ಬಂಧುತ್ವದಿಂದ ಒಳಒಪ್ಪಂದ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಒಳಒಪ್ಪಂದದ ಅಗತ್ಯವೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ 5060 ಟಿಐ ಎಂಬ ಒಂದೇ ಹೆಸರಲ್ಲಿ 8 ಜಿಬಿ, 16 ಜಿಬಿ ಎರಡು ಕಾರ್ಡ್ ತಂದಿತು. ನಡುವೆ 50 ಡಾಲರ್. ಜೂನ್‌ನಲ್ಲಿ ಎಎಮ್‌ಡಿ 9060 ಎಕ್ಸ್‌ಟಿ ಎಂಬ ಒಂದೇ ಹೆಸರಲ್ಲಿ 8 ಜಿಬಿ, 16 ಜಿಬಿ ಎರಡು ಕಾರ್ಡ್ ತಂದಿತು. ನಡುವೆ 50 ಡಾಲರ್. ಇಂಥ ಪೈಪೋಟಿ ನೋಡಿದರೆ ಬೀಗರು ಪರಸ್ಪರ ‘ನೀವು ಮೊದಲು ಕೂರ್ರಿ’ ಎನ್ನುವುದು ನೆನಪಾದರೆ ತಪ್ಪು ನನ್ನದಲ್ಲ.

ಈ ಪುಣ್ಯಕಾರ್ಯದಲ್ಲಿ ಕರ್ನಾಟಕದ ಪಾಲೂ ಇದೆ. ಆರು ಕೋರ್‌ಗಳ ‘ಡನಿಂಗ್ಟನ್’ ಎಂಬ ಇಂಟೆಲ್‌ನ ಸರ್ವರ್ ಚಿಪ್ 2008ರಲ್ಲಿ ಬಂತು. ಅದರ ವಿನ್ಯಾಸವಾದದ್ದು ಬೆಂಗಳೂರಿನಲ್ಲಿ. 2023ರ ನವೆಂಬರಿನಲ್ಲಿ ಎಎಮ್‌ಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆದದ್ದೂ ಬೆಂಗಳೂರಿನಲ್ಲೇ. ರಾಜಧಾನಿಯಲ್ಲಿ ನಕ್ಷೆ, ತೈವಾನಿನಲ್ಲಿ ಹೆರಿಗೆ, ಅಮೆರಿಕದಲ್ಲಿ ನಾಮಕರಣ. ಬೀದರಿಗೆ ಬರುವುದು ಬಿಲ್ ಮಾತ್ರ. ನಮ್ಮ ಹುಡುಗರು ಬೆಲೆ ವಿಚಾರಿಸಲು ಬೆಂಗಳೂರಿಗೂ ಹೋಗುವುದಿಲ್ಲ. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಎಂಬ ಕಂಪ್ಯೂಟರ್ ಮಾರುಕಟ್ಟೆ ಹತ್ತಿರ, ಭಾಲ್ಕಿಯವರಿಗೆ ಮಹಾರಾಷ್ಟ್ರದ ಉದಗೀರ ಇನ್ನೂ ಹತ್ತಿರ. ಮೂರು ರಾಜ್ಯ ಸುತ್ತಿದರೂ ನಂಬರುಗಳ ಗೊಂದಲ ಒಂದೇ. ಭಾಷಾವಾರು ಪ್ರಾಂತ್ಯ ರಚನೆ ಅದಕ್ಕೆ ಅನ್ವಯಿಸಿಲ್ಲ.

ತಾನು ಬೆಳೆದ ತೊಗರಿಗೆ ತಾನೇ ದರ ಹೇಳಲಾಗದ ರೈತ, ತನ್ನ ಸರಕಿಗೆ ಹತ್ತು ಹೆಸರಿಟ್ಟು ಹತ್ತು ದರ ಕಟ್ಟುವವರ ಮುಂದೆ ಹೋಗಿ ನಿಲ್ಲುತ್ತಾನೆ. ಆದ್ದರಿಂದ ಔರಾದದ ಕಾಕಾ ಅವರಲ್ಲಿ ಒಂದು ವಿನಂತಿ. ‘ಐ-ಸೆವೆನ್ ಅದ’ ಅಂದ ಕೂಡಲೇ ಕಿಸೆಗೆ ಕೈ ಹಾಕಬೇಡಿ. ಪೂರ್ತಿ ನಂಬರ್ ಕಾಗದದ ಮೇಲೆ ಬರೆಸಿಕೊಳ್ಳಿ. ಕೋರ್ ಎಷ್ಟು, ಒಳಗಿನ ವಿನ್ಯಾಸ ಯಾವ ವರ್ಷದ್ದು, ಮೆಮೊರಿ ಎಷ್ಟು ಎಂದು ಕೇಳಿ. ಮಗನಿಗೆ ಅದನ್ನು ಹುಡುಕಿ ನೋಡಲು ಒಂದು ದಿನ ಕೊಡಿ. ಉತ್ತರ ಸಿಗದಿದ್ದರೆ ಸುಮ್ಮನೆ ಊರಿನ ಬಸ್ ಹತ್ತಿ. ಚಿಪ್ ಎಲ್ಲೂ ಓಡಿಹೋಗುವುದಿಲ್ಲ. ಬರುವ ವರ್ಷ ಅದೇ ಚಿಪ್ ಹೊಸ ಹೆಸರಿಟ್ಟುಕೊಂಡು ಅದೇ ಕಪಾಟಿಗೆ ಬರುತ್ತದೆ.